ಅಕ್ರೆಡಿಟೇಶನ್ (ಮಾನ್ಯತೆ) ಇಲ್ಲದ ನರ್ಸಿಂಗ್ ಕಾಲೇಜಿಗೆ ಸೇರಬಹುದಾ? ಅಮೆರಿಕದಲ್ಲಿ ಓದಿದವರು ಹೇಳಿ

ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇವೆ. ನನಗೆ 34, ಗ್ರೀನ್ ಕಾರ್ಡ್ ಬಂದಿದೆ, ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಓದಬೇಕು ಅಂತ ಆಸೆ. ಇಲ್ಲಿನ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು) ಎಸಿಇಎನ್ ಅನ್ನುವ ನರ್ಸಿಂಗ್ ಮಾನ್ಯತಾ ಸಂಸ್ಥೆಯ ಮಾನ್ಯತೆ ಇದೆ, ಆದರೆ ಸೀಟಿಗೆ ಒಂದೂವರೆ ವರ್ಷ ಕಾಯಬೇಕು. ಒಂದು ಖಾಸಗಿ ಕಾಲೇಜಿನವರು ಮುಂದಿನ ತಿಂಗಳೇ ಬನ್ನಿ ಅನ್ನುತ್ತಿದ್ದಾರೆ. ಅವರಿಗಿರುವುದು ಸ್ಟೇಟ್ ಬೋರ್ಡ್ ಅಪ್ರೂವಲ್ (ರಾಜ್ಯದ ನರ್ಸಿಂಗ್ ಮಂಡಳಿಯ ಅನುಮತಿ) ಮಾತ್ರ. ಮಗನಿಗೆ ಮೂರು ವರ್ಷ. ಏನು ಮಾಡಲಿ?

ರಾತ್ರಿಪಾಳಿ: ಬೋರ್ಡ್ ಅಪ್ರೂವಲ್ ಒಂದನ್ನೇ ನಂಬಿ ಸೇರಿದವಳು ನಾನು. ಫೀಸು 41,200 ಡಾಲರ್. ಯೂನಿಫಾರ್ಮು, ಲಸಿಕೆ, ಬ್ಯಾಕ್‌ಗ್ರೌಂಡ್ ಚೆಕ್ಕು ಅಂತ ಮತ್ತೆ 1,860. ಒಂದೊಂದೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಎನ್‌ಕ್ಲೆಕ್ಸ್ (ನರ್ಸ್ ಲೈಸೆನ್ಸಿನ ಪರೀಕ್ಷೆ) ಮೊದಲ ಸಲ ಹೋಯಿತು, 45 ದಿನ ಕಾದು ಮತ್ತೆ 200 ಕಟ್ಟಿ ಬರೆದೆ, ಪಾಸಾಯಿತು. ಲೈಸೆನ್ಸು ಬಂತಲ್ಲ, ಗೆದ್ದೆ ಅಂದುಕೊಂಡೆ. ವಿಎ ಆಸ್ಪತ್ರೆಗೆ (ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆ) ಅರ್ಜಿ ಹಾಕಿದಾಗ ಮೊದಲು ಕೇಳಿದ್ದೇ ಕಾಲೇಜಿನ ಅಕ್ರೆಡಿಟೇಶನ್. ಅರ್ಜಿ ಅಲ್ಲಿಗೇ ನಿಂತಿತು. ಬಿಎಸ್‌ಎನ್ (ನರ್ಸಿಂಗ್ ಪದವಿ) ಮಾಡೋಣವೆಂದು ಮೂರು ಯೂನಿವರ್ಸಿಟಿಗೆ ಬರೆದೆ, ಒಬ್ಬರೂ ನನ್ನ ಕ್ರೆಡಿಟ್ ಒಪ್ಪಲಿಲ್ಲ. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗರ ಪಕ್ಕ ನಿಂತು ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೋಡುವ ಅದೇ ಗ್ರಾಮ್ ಸ್ಟೇನ್ ಎರಡನೇ ಸಲ ಮಾಡಿದೆ. ಬೆರಳಿಗೆ ಹತ್ತಿದ ನೇರಳೆ ಬಣ್ಣ ನಾಲ್ಕು ದಿನ ಹೋಗಲಿಲ್ಲ, ನೋಡಿದಾಗಲೆಲ್ಲ ಅಳು ಬರುತ್ತಿತ್ತು.

ದಾವಣಗೆರೆ ಹುಡುಗ: ಹೆದರಿಸಬೇಡಿ ಮೇಡಂ. ನಾನೂ ಅಂಥದ್ದೇ ಕಾಲೇಜು. ಒಂಬತ್ತು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದೇನೆ, ಒಬ್ಬರೂ ಕೇಳಿಲ್ಲ. ಎನ್‌ಕ್ಲೆಕ್ಸ್ ಎಲ್ಲರಿಗೂ ಒಂದೇ. ಒಂದೂವರೆ ವರ್ಷ ಮನೆಯಲ್ಲಿ ಕೂತರೆ ಆ ಸಂಬಳ ಯಾರು ಕೊಡುತ್ತಾರೆ? ನನ್ನ ಸಾಲ ಮೂರೇ ವರ್ಷಕ್ಕೆ ತೀರಿತು. ಓದಿದವರಿಗೆ ಯಾವ ಕಾಲೇಜಾದರೇನು.

ರಾತ್ರಿಪಾಳಿ: ನಾನು ಓದಲಿಲ್ಲ ಅಂತ ನಿಮ್ಮ ಅರ್ಥವಾ? ಡಯಾಲಿಸಿಸ್ ಬಿಟ್ಟು ಎನ್‌ಪಿ (ನರ್ಸ್ ಪ್ರಾಕ್ಟಿಷನರ್, ಆರ್‌ಎನ್ ಮೇಲಿನ ಹಂತ) ಓದಲು ಹೊರಡಿ, ಆಗ ಗೊತ್ತಾಗುತ್ತದೆ.

ದಾವಣಗೆರೆ ಹುಡುಗ: ಎಲ್ಲರೂ ಎನ್‌ಪಿ ಆಗಲೇಬೇಕಾ? ಬೆಡ್‌ಸೈಡ್ ನರ್ಸ್ ಅಂದರೆ ನಿಮಗೆ ಸಣ್ಣ ಕೆಲಸವಾ?

ಕಾವೇರಿ_ಓಹಾಯೋ: ನನ್ನದು ಇನ್ನೊಂದು ಕಥೆ. ನಮ್ಮ ಕಾಲೇಜಿನವರು "ಕ್ಯಾಂಡಿಡಸಿ ಸಿಕ್ಕಿದೆ, ಅಕ್ರೆಡಿಟೇಶನ್ ಬಂದ ಹಾಗೇ" ಅಂದರು. ಅಲ್ಲ! ಕ್ಯಾಂಡಿಡಸಿ ಅಂದರೆ ಸಾಲಿನಲ್ಲಿ ನಿಂತಿದ್ದಾರೆ ಅಷ್ಟೇ. ನಾನು ಮುಗಿಸಿದ್ದು ಡಿಸೆಂಬರಿನಲ್ಲಿ, ಮಾನ್ಯತೆ ಜಾರಿಗೆ ಬಂದದ್ದು ಅದರ ಮುಂದಿನ ಬೇಸಿಗೆಗೆ. ಜೂನಿಯರ್‌ಗಳೆಲ್ಲ ಲೆಕ್ಕಕ್ಕೆ ಬಂದರು, ನಾವು ಇಪ್ಪತ್ತೆರಡು ಜನ ಹೊರಗುಳಿದೆವು. ಕಾಲೇಜಿನವರ ಮಾತು ಕೇಳಬೇಡಿ, ಎಸಿಇಎನ್ ಪಟ್ಟಿಯಲ್ಲಿ ನೀವೇ ಹುಡುಕಿ. ಎರಡು ವರ್ಷದ ಕೋರ್ಸಿಗೆ ಇನ್ನೊಂದು ಮಾನ್ಯತಾ ಸಂಸ್ಥೆ ಸಿಸಿಎನ್‌ಇಯ ಮಾನ್ಯತೆ ಇದೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ, ಸಿಸಿಎನ್‌ಇಯವರು ಕೊಡುವುದು ಬಿಎಸ್‌ಎನ್ ಮತ್ತು ಅದರ ಮೇಲಿನದಕ್ಕೆ ಮಾತ್ರ.

ಐಸಿಯು ಅಣ್ಣ: 2023ರ ಜನವರಿಯಲ್ಲಿ ಬಯಲಾದ ಫ್ಲೋರಿಡಾದ ನರ್ಸಿಂಗ್ ಕಾಲೇಜುಗಳ ಹಗರಣ ಮರೆತಿರಾ? 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಿದ್ದರು. ಅದಕ್ಕೇ ಹೇಳುವುದು, ಮಾನ್ಯತೆ ಇಲ್ಲದ ಕಡೆ ಕಾಲಿಡಬೇಡಿ.

ದಾವಣಗೆರೆ ಹುಡುಗ: ಅಣ್ಣಾ, ಅವರು ಕ್ಲಾಸಿಗೇ ಹೋಗದವರು. ನಾನು ಎರಡು ವರ್ಷ ಬೆಳಿಗ್ಗೆ ಐದಕ್ಕೆದ್ದು ಕ್ಲಿನಿಕಲ್‌ಗೆ (ಆಸ್ಪತ್ರೆಯ ತರಬೇತಿಗೆ) ಹೋದವನು. ಅವರ ಜೊತೆ ನನ್ನನ್ನು ಸೇರಿಸಬೇಡಿ.

ಐಸಿಯು ಅಣ್ಣ: ನಿಮ್ಮನ್ನು ಅಂದಿಲ್ಲ. ನಾನು ಬೆಂಗಳೂರಿನಲ್ಲಿ ಬಿಎಸ್ಸಿ ಮುಗಿಸಿ ಬಂದವನು. ಹೊರದೇಶದ ನರ್ಸ್‌ಗಳ ದಾಖಲೆ ಪರಿಶೀಲಿಸುವ ಸಿಜಿಎಫ್‌ಎನ್‌ಎಸ್‌ಗೆ ನಾಲ್ಕು ವರ್ಷದ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ), ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ ಎಲ್ಲ ಕಾಲೇಜಿನಿಂದಲೇ ನೇರ ಹೋಗಬೇಕಿತ್ತು. ಒಂದು ಸಹಿ ಬಿಟ್ಟುಹೋಗಿ ಏಳು ತಿಂಗಳು ಕಳೆಯಿತು. ಕಾಗದದ ಬೆಲೆ ನನಗೆ ಗೊತ್ತು.

ಕಾವೇರಿ_ಓಹಾಯೋ: ಇಂಡಿಯಾದಿಂದ ಡಿಗ್ರಿ ತಂದವರ ವಿಷಯ ಬೇರೆ ಬಿಡಿ. ಇಲ್ಲಿ ಸಾಲ ಮಾಡಿ ಓದಿದವರ ಕಷ್ಟ ನಿಮಗಿಲ್ಲ.

ಐಸಿಯು ಅಣ್ಣ: ಅಪ್ಪ ಅಡಿಕೆ ತೋಟ ಅಡವಿಟ್ಟು ಓದಿಸಿದ್ದಾರೆ. ತಿಳಿಯದೆ ಮಾತಾಡಬೇಡಿ.

ಪ್ರಶ್ನೆ ಕೇಳಿದವರು: ದಯವಿಟ್ಟು ಜಗಳ ಬೇಡ. ಕಮ್ಯುನಿಟಿ ಕಾಲೇಜಿಗೆ ಹೆಸರು ಕೊಟ್ಟು ಬಂದೆ. ಕ್ಲಿನಿಕಲ್‌ಗೆ ಆರೂವರೆಗೇ ಹೋಗಬೇಕಂತೆ. ಆ ಹೊತ್ತಿಗೆ ಡೇಕೇರ್ ತೆರೆದಿರುವುದಿಲ್ಲ. ಮಕ್ಕಳನ್ನು ಏನು ಮಾಡುತ್ತಿದ್ದಿರಿ?

ರಾತ್ರಿಪಾಳಿ: ಊರಿಂದ ನಮ್ಮತ್ತೆ ಬಂದು ಆರು ತಿಂಗಳು ಇದ್ದರು. ಆಮೇಲೆ ಪಕ್ಕದ ಮನೆಯವರಿಗೆ ಗಂಟೆಗೆ 15 ಡಾಲರ್ ಕೊಟ್ಟೆ. ಮಲಗಿದ ಮಗುವನ್ನು ಹೊದಿಕೆ ಸಮೇತ ಎತ್ತಿಕೊಂಡು ಹೋಗಿ ಅವರ ಸೋಫಾ ಮೇಲೆ ಮಲಗಿಸಿ ಬರುತ್ತಿದ್ದೆ. ಸೀಟು ಸಿಗುವುದರೊಳಗೆ ಅಂಥವರೊಬ್ಬರನ್ನು ನೋಡಿಟ್ಟುಕೊಳ್ಳಿ.