ಮಳೆಗಾಲ ಕಳೆದು ತೆಗೆದರೆ ಗಾಳದ ದಾರ ಸುತ್ತುವ ರೀಲ್ ತಿರುಗುತ್ತಿಲ್ಲ, ಉಪ್ಪು ಹಿಡಿದಿದೆ. ಉಳಿಸಬಹುದಾ?

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯವನು, ಮಲ್ಪೆಯಲ್ಲಿ ಗಾಳ ಹಾಕುತ್ತೇನೆ. ನನ್ನದು 4000 ಸೈಜಿನ ಹಳೇ ಸ್ಪಿನ್ನಿಂಗ್ ರೀಲ್. ಅಪ್ಪ ಬಹ್ರೇನ್ ಬಿಟ್ಟು ಊರಿಗೆ ಬರುವಾಗ ತಂದದ್ದು. ಅವರು ಈಗ ಇಲ್ಲ.

ಮೇ ಕೊನೆಯಲ್ಲಿ ಕಲ್ಲಿನ ಮೇಲೆ ನಿಂತಿದ್ದಾಗ ಅಲೆ ಹೊಡೆದು ರೀಲ್ ಪೂರ್ತಿ ಒದ್ದೆಯಾಯಿತು. ಮನೆಗೆ ಬಂದು ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟೆ. ಈಗ ತೆಗೆದರೆ ಹ್ಯಾಂಡಲ್ ಕಾಲು ಸುತ್ತು ಬರುತ್ತದೆ, ಆಮೇಲೆ ಕರಕರ ಎಂದು ನಿಲ್ಲುತ್ತದೆ. ದಾರ ಹಾದುಬರುವ ಸಣ್ಣ ಉರುಳೆ, ಲೈನ್ ರೋಲರ್, ಅಲ್ಲಾಡುವುದೇ ಇಲ್ಲ. ಸ್ಕ್ರೂಗಳ ಸುತ್ತ ಬಿಳಿ ಪುಡಿ. ದಾರ ಸುತ್ತಲು ತಿರುಗುವ ರೋಟರ್ ಒಳಗೆ ಸ್ವಲ್ಪ ಹಸಿರು. ಡಬ್ಲ್ಯೂಡಿ-40 ಎಣ್ಣೆ ಸ್ಪ್ರೇ ಹೊಡೆದು ನೋಡಿದೆ, ಎರಡು ದಿನ ಪರವಾಗಿಲ್ಲ ಅನ್ನಿಸಿತು, ಮತ್ತೆ ಅದೇ ಕಥೆ. ಅಂಗಡಿಯಲ್ಲಿ ಹೊಸದು ತಗೊಳ್ಳಿ ಎಂದರು. ನನಗೆ ಇದೇ ಬೇಕು.

ಹಳೇರೀಲು:
ಅಪ್ಪನ ರೀಲ್ ಅಂದಮೇಲೆ ಅಷ್ಟು ಸುಲಭಕ್ಕೆ ಬಿಡಬೇಡಿ. ನಾನು ಕಾರವಾರದವನು, ಇಂಥವು ಸುಮಾರು ಬಿಚ್ಚಿದ್ದೇನೆ. ಹೊರಗೆ ನೋಡಿದರೆ ಸತ್ತೇ ಹೋಗಿದೆ ಅನ್ನಿಸುತ್ತದೆ. ಒಳಗೆ ನಿಜವಾಗಿ ಕೆಟ್ಟಿರುವುದು ಎರಡು ಮೂರು ಬೇರಿಂಗ್ ಅಷ್ಟೇ ಆಗಿರುತ್ತದೆ.

ಮೊದಲು ಸ್ಪ್ರೇ ನಿಲ್ಲಿಸಿ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಉಪ್ಪಿನ ಮೇಲೆ ಎಣ್ಣೆ ಬಿದ್ದರೆ ಉಪ್ಪು ಅಡಿಯಲ್ಲೇ ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಬಟ್ಟೆಯಲ್ಲಿ ಒರೆಸಿದಾಗ ಹೋದದ್ದೂ ನೀರು ಮಾತ್ರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು ಒಣಗಿ ಒಳಗೇ ಕೂತಿತು. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ತಾನೇ ತೇವ ಎಳೆದುಕೊಂಡು ನೀರಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲ ನಿಮಗೆ ಗೊತ್ತೇ ಇದೆ, ಅಡುಗೆಮನೆಯ ಉಪ್ಪಿನ ಡಬ್ಬಿ ಏನಾಗುತ್ತದೆ ಅಲ್ವಾ? ಅಟ್ಟದ ಮೇಲೆ ನಿಮ್ಮ ರೀಲ್ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆದ ಹಾಗೇ ಆಯಿತು.

ಬಣ್ಣ ನೋಡಿದರೆ ಯಾವ ಲೋಹ ಸವೆದಿದೆ ಎಂದು ತಿಳಿಯುತ್ತದೆ. ಹಸಿರು ಎಂದರೆ ಹಿತ್ತಾಳೆಯ ಕಿಲುಬು, ರೋಟರ್ ತಿರುಗಿಸುವ ಸಣ್ಣ ಪಿನಿಯನ್ ಗೇರಿನದು ಇರಬೇಕು. ಹೆದರಬೇಡಿ, ತೊಳೆದರೆ ಹೋಗುತ್ತದೆ. ಕೆಂಪು ಇದ್ದರೆ ಸ್ಟೀಲಿನ ತುಕ್ಕು, ಹೆಚ್ಚಾಗಿ ಬೇರಿಂಗಿನದು. ಬಿಳಿ ಪುಡಿ ಅಲ್ಯೂಮಿನಿಯಂ ಅಥವಾ ಜಿಂಕ್‌ನದು, ನನಗೆ ಚಿಂತೆ ಇರುವುದು ಅದರದೇ. ಅಲ್ಯೂಮಿನಿಯಂ ಬಾಡಿಯಲ್ಲಿ ಸ್ಟೇನ್‌ಲೆಸ್ ಸ್ಕ್ರೂ ಕೂತಿದೆ. ನಡುವೆ ಉಪ್ಪುನೀರು ನಿಂತರೆ ಒಂದು ಸಣ್ಣ ಬ್ಯಾಟರಿ ಆದ ಹಾಗೆ. ಸವೆಯುವುದು ಅಲ್ಯೂಮಿನಿಯಂ, ಸ್ಕ್ರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಬಿಚ್ಚುವ ಮೊದಲು ದಾರ ಸುತ್ತಿರುವ ಸ್ಪೂಲ್ ತೆಗೆದು, ಉಳಿದದ್ದನ್ನು ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಎರಡು ಗಂಟೆ ನೆನೆಸಿಡಿ. ನೀರು ಎರಡು ಸಲ ಬದಲಿಸಿ. ಚೆನ್ನಾಗಿರುವ ರೀಲನ್ನು ಹೀಗೆ ಯಾವತ್ತೂ ಮುಳುಗಿಸಬಾರದು. ನಿಮ್ಮದು ಹೇಗೂ ಪೂರ್ತಿ ಬಿಚ್ಚಿ ಒಣಗಿಸುವುದಿದೆ, ಹಾಗಾಗಿ ತೊಂದರೆ ಇಲ್ಲ. ದಾರವನ್ನೂ ಬಿಚ್ಚಿ ಬಕೆಟ್ ನೀರಿಗೆ ಹಾಕಿ. ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ ತುಂಬಾ ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ.

ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ನಾನು ಹಳೇ ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೇನೆ, ಒಂದೊಂದು ಗುಳಿಗೆ ಒಂದೊಂದು ಹಂತದ ಭಾಗಗಳು. ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬ್ರೇಕ್) ವಾಷರುಗಳ ಸಾಲು ತಪ್ಪಿದರೆ ಆಮೇಲೆ ತಲೆ ಕೆಡುತ್ತದೆ. ರೋಟರ್ ನಟ್ ಕೆಲವು ರೀಲುಗಳಲ್ಲಿ ಎಡ ಥ್ರೆಡ್ ಇರುತ್ತದೆ, ಅಂದರೆ ಉಲ್ಟಾ ಕಡೆಗೆ ತಿರುಗಿಸಿ ಬಿಚ್ಚಬೇಕು. ಬರುತ್ತಿಲ್ಲ ಎಂದು ಜೋರು ಮಾಡುವ ಮೊದಲು ಇನ್ನೊಂದು ಕಡೆಗೂ ಮೆಲ್ಲಗೆ ತಿರುಗಿಸಿ ನೋಡಿ.

ಕಡಲತಡಿ:
ತುಂಬಾ ಥ್ಯಾಂಕ್ಸ್ ಅಣ್ಣ. ನೆನೆಸಿಟ್ಟೆ, ನೀರು ಬೂದು ಬಣ್ಣಕ್ಕೆ ತಿರುಗಿತು. ಮೂರು ಸ್ಕ್ರೂ ಬಂತು. ಪಕ್ಕದ ಪ್ಲೇಟಿನ ಒಂದು ಸ್ಕ್ರೂ ಬರುತ್ತಿಲ್ಲ, ತಲೆಯ ಗೀರು ಸವೆಯಲು ಶುರುವಾಗಿದೆ. ಡ್ರಿಲ್ ಹಾಕಲಾ?

ಹಳೇರೀಲು:
ಬೇಡ, ಈಗಲೇ ಬೇಡ. ಸ್ಕ್ರೂಡ್ರೈವರ್ ಯಾವುದು? ಜಪಾನಿನ ರೀಲುಗಳ ಸ್ಕ್ರೂ ನೋಡಲು ಮಾಮೂಲಿ ಪ್ಲಸ್ ತರಹ ಇದ್ದರೂ ಹೆಚ್ಚಾಗಿ ಜೆಐಎಸ್, ಅಂದರೆ ಜಪಾನಿನ ಮಾನಕದ ಅಳತೆಯದು. ಮಾಮೂಲಿ ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ತಿನ್ನುತ್ತದೆ.

ಈಗ ಆ ಸ್ಕ್ರೂ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಹಾಕಿ ರಾತ್ರಿ ಬಿಡಿ. ಉಪ್ಪು ತೊಳೆದಾಗಿದೆ, ಈಗ ಎಣ್ಣೆ ಹಾಕಬಹುದು. ಬೆಳಿಗ್ಗೆ ಎಣ್ಣೆ ಚೆನ್ನಾಗಿ ಒರೆಸಿ, ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಯ ಮೇಲೆ ಒಂದು ನಿಮಿಷ ಇಡಿ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಬಿಡುತ್ತದೆ. ಡ್ರೈವರ್ ಇಟ್ಟು ಹಿಂಭಾಗಕ್ಕೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಎರಡೇಟು ಹಾಕಿ. ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲಷ್ಟು, ಆಮೇಲೆ ಬಿಚ್ಚುವ ಕಡೆಗೆ. ಬೆಂಕಿ ಕಡ್ಡಿ, ಲೈಟರ್ ಮಾತ್ರ ಹತ್ತಿರ ತರಬೇಡಿ.

ಉಪ್ಪುಗಾಳಿ:
ನಡುವೆ ಬಂದೆ, ಕ್ಷಮಿಸಿ. ಬಿಳಿ ಪುಡಿ ತೆಗೆಯಲು ಪೂರ್ತಿ ರೀಲನ್ನೇ ವಿನೆಗರ್‌ನಲ್ಲಿ ಮುಳುಗಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಎಷ್ಟೋ ರೀಲುಗಳಲ್ಲಿ ದೊಡ್ಡ ಗೇರ್ ಜಿಂಕ್ ಎರಕದ್ದು. ಆಮ್ಲ ಜಿಂಕನ್ನು ಬೇಗ ತಿನ್ನುತ್ತದೆ. ಒಂದು ರಾತ್ರಿ ಬಿಟ್ಟೆ, ಹಲ್ಲುಗಳೆಲ್ಲ ಒರಟಾದವು. ಹಿತ್ತಾಳೆ ಪಿನಿಯನ್‌ಗೆ ಬೇಕಿದ್ದರೆ ಅರ್ಧ ನೀರು ಬೆರೆಸಿದ ವಿನೆಗರ್‌ನಲ್ಲಿ ಹತ್ತು ನಿಮಿಷ ಸಾಕು, ತಕ್ಷಣ ತೊಳೆಯಿರಿ. ರೀಲಿನ ಬಾಡಿ ತೊಳೆಯಲು ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಷ್ ಸಾಕು. ವಾಷಿಂಗ್ ಸೋಡಾ ಬೇಡ, ಅದೂ ಅಲ್ಯೂಮಿನಿಯಂ ತಿನ್ನುತ್ತದೆ.

ಕಡಲತಡಿ:
ಬಂತು ಅಣ್ಣ! ಸ್ಕ್ರೂ ಬಂದಾಗ ಟಕ್ ಎಂದು ಸದ್ದಾಯಿತು, ಮುರಿದೇ ಹೋಯಿತು ಅಂದುಕೊಂಡೆ. ಒಳಗೆ ಹಳೇ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿತ್ತು. ಗೇರ್ ಹಲ್ಲು ಚೆನ್ನಾಗಿದೆ. ಬೇರಿಂಗ್ ಯಾವುದು ಹೋಗಿದೆ ಎಂದು ತಿಳಿಯುವುದು ಹೇಗೆ?

ಹಳೇರೀಲು:
ಹಲ್ಲು ಉಳಿದಿದೆ ಎಂದು ಕೇಳಿ ತುಂಬಾ ಖುಷಿಯಾಯಿತು. ಈ ರೀಲ್ ಉಳಿಯುತ್ತದೆ.

ಬೇರಿಂಗುಗಳನ್ನು ಸೀಮೆಎಣ್ಣೆ ಅಥವಾ ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ. ಒಲೆ, ದೀಪ ದೂರ ಇರಲಿ. ಪೆನ್ಸಿಲ್ ತುದಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ಸರ್ರೆಂದು ಸದ್ದು ಮಾಡುತ್ತಾ ಸಲೀಸಾಗಿ ತಿರುಗಿದರೆ ಸರಿ ಇದೆ, ಎಣ್ಣೆ ಮಾತ್ರ ಬೇಕು. ನಡುನಡುವೆ ತಡೆದು ತಡೆದು ತಿರುಗಿದರೆ ಒಳಗೆ ಗುಳಿ ಬಿದ್ದಿದೆ, ಬದಲಿಸಿ. ಲೈನ್ ರೋಲರ್‌ನದು ಹೋಗಿಯೇ ಇರುತ್ತದೆ. ದಾರ ತರುವ ನೀರೆಲ್ಲ ಮೊದಲು ಬೀಳುವುದು ಅಲ್ಲಿಗೇ.

ಹೊಸದಕ್ಕೆ ಕಂಪನಿಯ ಭಾಗವೇ ಬೇಕು ಎಂದಿಲ್ಲ. ವರ್ನಿಯರ್ ಅಳತೆ ಸಾಧನದಲ್ಲಿ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅಳೆಯಿರಿ. ಉದಾಹರಣೆಗೆ 8, 16, 5 ಮಿ.ಮೀ. ಬಂದರೆ ಅದು 688 ನಂಬರ್. ಬೇರಿಂಗ್ ಅಂಗಡಿಯಲ್ಲಿ ಸ್ಟೇನ್‌ಲೆಸ್, ರಬ್ಬರ್ ಸೀಲ್ ಇರುವುದನ್ನೇ ಕೇಳಿ.

ಜೋಡಿಸುವಾಗ ಗೇರ್ ಹಲ್ಲಿಗೆ, ಬಾಡಿಯ ಒಳಗೋಡೆಗೆ ಮೆರೈನ್ ಗ್ರೀಸ್ ತೆಳ್ಳಗೆ ಸವರಿ. ಔಟ್‌ಬೋರ್ಡ್ ಎಂಜಿನ್ ಸಾಮಾನು ಮಾರುವಲ್ಲಿ ಕೇಳಿ. ಪ್ರತಿ ಸ್ಕ್ರೂವಿನ ಥ್ರೆಡ್‌ಗೂ ಸ್ವಲ್ಪ ಹಚ್ಚಿ, ಮುಂದಿನ ಸಲ ಈ ಪಾಡು ಇರುವುದಿಲ್ಲ. ಆದರೆ ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ ಬೇರಿಂಗ್ ಇದೆಯಲ್ಲ, ಅದನ್ನು ಬಿಚ್ಚಬೇಡಿ, ಅದಕ್ಕೆ ಗ್ರೀಸ್ ಮುಟ್ಟಿಸಲೂ ಬೇಡಿ. ಆಲ್ಕೋಹಾಲ್‌ನಲ್ಲಿ ತೊಳೆದು, ತೆಳು ಎಣ್ಣೆ ಒಂದೇ ಹನಿ. ಗ್ರೀಸ್ ಒಳಗೆ ಸೇರಿದರೆ ಅದರ ರೋಲರುಗಳು ಜಾರಿ, ಮೀನು ಎಳೆದಾಗ ಹ್ಯಾಂಡಲ್ ಹಿಂದಕ್ಕೆ ಹೊಡೆಯುತ್ತದೆ.

ಕಡಲತಡಿ:
ಜೋಡಿಸಿದೆ. ಮೂರು ಬೇರಿಂಗ್ ಬದಲಾಯಿತು. ಹ್ಯಾಂಡಲ್ ಒಂದೇ ಬೆರಳಿಗೆ ತಿರುಗುತ್ತಿದೆ. ಅಮ್ಮ ಆ ಸದ್ದು ಕೇಳಿ ಒಳಗಿನಿಂದ ಬಂದು ನೋಡಿದರು. ಅಪ್ಪ ಸಂಜೆ ಜಗಲಿಯಲ್ಲಿ ಕೂತು ಹೀಗೇ ತಿರುಗಿಸುತ್ತಿದ್ದರು. ನಿಮ್ಮಿಬ್ಬರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಎರಡು ಸಣ್ಣ ಪ್ರಶ್ನೆ. ಬಣ್ಣ ಹೋಗಿ ಅಲ್ಯೂಮಿನಿಯಂ ಕಾಣುವ ಜಾಗಕ್ಕೆ ಏನು ಮಾಡಲಿ? ಇನ್ನು ಮೇಲೆ ಹೇಗೆ ತೊಳೆಯಲಿ?

ಉಪ್ಪುಗಾಳಿ:
ಪುಡಿಯನ್ನೆಲ್ಲ ಉಜ್ಜಿ ತೆಗೆದು, ಆಲ್ಕೋಹಾಲ್‌ನಲ್ಲಿ ಒರೆಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಹಚ್ಚಿ. ನನ್ನದಕ್ಕೆ ಅದನ್ನೇ ಹಚ್ಚುತ್ತೇನೆ, ಸವೆದ ಕಡೆ ಮತ್ತೆ ಹಚ್ಚಿದರಾಯಿತು.

ಹಳೇರೀಲು:
ಮನೆಗೆ ಬಂದ ದಿನವೇ ತೊಳೆಯಿರಿ. ಮೊದಲು ಡ್ರ್ಯಾಗ್ ಬಿಗಿ ಮಾಡಿ, ವಾಷರುಗಳಿಗೆ ನೀರು ಹೋಗಬಾರದು. ನಲ್ಲಿಯನ್ನು ಸಣ್ಣಗೆ ಬಿಟ್ಟು ಅದರ ಕೆಳಗೆ ಹಿಡಿಯಿರಿ. ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪು ಒಳಕ್ಕೇ ಹೋಗುತ್ತದೆ. ಕೊಡವಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಸಡಿಲ ಮಾಡಿ ಇಡಿ. ರೋಲರಿಗೆ ಒಂದು ಹನಿ ಎಣ್ಣೆ. ಜೂನ್ ಬರುವ ಮೊದಲು ಒಂದು ಸಲ ಪಕ್ಕದ ಪ್ಲೇಟ್ ತೆಗೆದು ನೋಡಿ, ಮತ್ತೆ ಆ ಚೀಲದಲ್ಲಿ ಇಡಬೇಡಿ.