ಅಪ್‌ಡೇಟ್: ಸಿನಿಮಾ ಎಂಎಗೆ ಸೀಟು ಸಿಕ್ಕಿತು

ಹೋದ ತಿಂಗಳು ಇಲ್ಲೇ ಕೇಳಿದ್ದೆ: ಶಿರಸಿಯಲ್ಲಿ ಬಿಎ ಮುಗಿಸಿದವಳು ನಾನು, ಕೈಯಲ್ಲಿ ಕ್ಯಾಮೆರಾ ಇಲ್ಲ, ಸಿನಿಮಾದಲ್ಲಿ ಪಿಜಿ ಮಾಡಬಹುದಾ ಅಂತ. ಸೀಟು ಸಿಕ್ಕಿದೆ! ಎರಡು ವರ್ಷದ ಎಂಎ, ಫಿಲ್ಮ್ ಸ್ಟಡೀಸ್.

ನನ್ನ ಗೊಂದಲ ಬಿಡಿಸಿದ್ದು "ಮಾಡೋದು ಕಲಿಯಬೇಕಾ, ಓದೋದು ಕಲಿಯಬೇಕಾ?" ಅಂತ ಕೇಳಿದವರು. ನಿರ್ದೇಶಕ ಗಿರೀಶ್ ಕಾಸರವಳ್ಳಿಯವರು ಓದಿದ ಪುಣೆಯ ಸಿನಿಮಾ ಸಂಸ್ಥೆ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಿನಿಮಾ ಸಂಸ್ಥೆಗಳಲ್ಲಿ ನಿರ್ದೇಶನ, ಸಂಕಲನ, ಧ್ವನಿ ಕೋರ್ಸುಗಳಿವೆ, ಕೈಕೆಲಸವೇ ಜಾಸ್ತಿ. ಫಿಲ್ಮ್ ಸ್ಟಡೀಸ್ ಹಾಗಲ್ಲ. ಅಲ್ಲಿ ನೋಡಬೇಕು, ಓದಬೇಕು, ಬರೆಯಬೇಕು. ನನಗೆ ಇದೇ ಸರಿ.

ಶೋರೀಲ್ (ನಾವೇ ತೆಗೆದ ದೃಶ್ಯಗಳ ಚಿಕ್ಕ ವಿಡಿಯೋ) ಮಾಡು ಅಂತ ಕೆಲವರು ಅಂದಿದ್ರಲ್ಲ, ಅದು ಉಪಯೋಗಕ್ಕೆ ಬರಲಿಲ್ಲ. ಯಾರೂ ಕೇಳಲೇ ಇಲ್ಲ. ಆನ್‌ಲೈನ್ ಕೋಚಿಂಗ್‌ಗೆ ಕಟ್ಟಿದ ದುಡ್ಡೂ ದಂಡ, ಬರೀ ಇಸವಿ ಉರು ಹೊಡೆಸಿದರು.

ಕೆಲಸಕ್ಕೆ ಬಂದದ್ದು "ಒಂದೇ ದೃಶ್ಯ ಹತ್ತು ಸಲ ನೋಡು" ಅನ್ನೋ ಸಲಹೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಫೋನಿನಲ್ಲಿ ನಾಲ್ಕು ನಿಮಿಷದ ದೃಶ್ಯ ಹಾಕಿ, ಒಂದೊಂದು ಕಟ್‌ಗೂ (ಒಂದು ಶಾಟ್ ಮುಗಿದು ಇನ್ನೊಂದು ಬರೋ ಜಾಗ) ಒಂದೊಂದು ಅಡಿಕೆ ಎತ್ತಿಟ್ಟೆ. ಹತ್ತು ಇರಬಹುದು ಅಂದುಕೊಂಡಿದ್ದೆ, 37 ಆಯಿತು! ಆಯಿ "ಎಂತ ಮಾಡ್ತಾ ಇದ್ಯೆ?" ಅಂತ ಬೈದಳು. ಆಮೇಲೆ ಕಣ್ಣು ಮುಚ್ಚಿ ಬರೀ ಸದ್ದು ಕೇಳಿದೆ. ಪಾತ್ರ ಬಾಗಿಲು ತೆರೆಯೋ ಮೊದಲೇ ಹೊರಗಿನ ಮಳೆ ಕೇಳಿಸುತ್ತದೆ! ಸಂದರ್ಶನದಲ್ಲಿ ಇದನ್ನೇ ಹೇಳಿದೆ. ಅರ್ಧ ಗಂಟೆ ಅದರ ಮೇಲೇ ಮಾತಾಯಿತು.

ಹಾಸ್ಟೆಲ್ ಇನ್ನೂ ಸಿಕ್ಕಿಲ್ಲ, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.