ನಾಟಿ ಮೆಕ್ಕೆಜೋಳವನ್ನು ಕ್ರಾಸ್ ಮಾಡುವಾಗ ಒಂದೇ ಒಳ್ಳೆಯ ಗಿಡ ಸಾಕಾ?

ತೆನೆಬೀಜ:
ತಳಿ ಅಭಿವೃದ್ಧಿ ಓದುತ್ತಿದ್ದೇನೆ. ಬರ ತಡೆಯುವ ಗುಣಕ್ಕಾಗಿ ಒಂದು ನಾಟಿ ಮೆಕ್ಕೆಜೋಳವನ್ನು ಇಳುವರಿ ಚೆನ್ನಾಗಿರುವ ಇನ್‌ಬ್ರೆಡ್ ಲೈನ್ (ಹಲವು ತಲೆಮಾರು ತನ್ನ ಪರಾಗವನ್ನೇ ಹಾಕಿ ಒಂದೇ ಥರ ಮಾಡಿದ ತಳಿ) ಜೊತೆ ಕ್ರಾಸ್ ಮಾಡಬೇಕು. ನಾಟಿ ತಳಿಯಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲ. ಎತ್ತರ ಬೇರೆ, ತೆನೆಯ ಬಣ್ಣ ಬೇರೆ, ಹೂ ಬರುವ ದಿನವೂ ಬೇರೆ. ಚೆನ್ನಾಗಿರುವ ಒಂದು ಗಿಡ ಆರಿಸಿಕೋ, ಉಳಿದದ್ದು ಹೇಗೂ ಬೀಜ ಬ್ಯಾಂಕ್‌ನಲ್ಲಿ ಇದೆ ಅಲ್ವಾ ಅಂತ ಜೊತೆಯವರು ಹೇಳುತ್ತಾರೆ. ನನಗೆ ಒಪ್ಪಲು ಮನಸ್ಸಿಲ್ಲ. ಆದರೆ ಯಾಕೆ ಅಂತ ಸರಿಯಾಗಿ ಹೇಳಲು ಬರುತ್ತಿಲ್ಲ.

ಹಸಿರುಗರಿ:
ಒಪ್ಪಬೇಡಿ. ಭತ್ತ, ಗೋಧಿಯಲ್ಲಿ ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಮೆಕ್ಕೆಜೋಳ ಹಾಗಲ್ಲ, ಗಾಳಿಯಲ್ಲಿ ಪಕ್ಕದ ಗಿಡದ ಪರಾಗ ಬರುತ್ತದೆ. ಹಾಗಾಗಿ ಇಲ್ಲಿ ತಳಿ ಅಂದರೆ ಒಂದು ಗಿಡ ಅಲ್ಲ, ಇಡೀ ಗುಂಪು.

ಲೆಕ್ಕ ಸುಲಭ. ಒಂದು ಗಿಡದಲ್ಲಿ ಪ್ರತಿ ಜೀನ್‌ಗೆ ಎರಡೇ ಪ್ರತಿ ಇರುತ್ತವೆ. ನಿಮಗೆ ಬೇಕಾದ ರೂಪ ಆ ಗುಂಪಿನ ಜೀನ್ ಪ್ರತಿಗಳಲ್ಲಿ 5% ಮಾತ್ರ ಇದೆ ಅಂದುಕೊಳ್ಳಿ. ಒಂದು ಗಿಡದಲ್ಲಿ ಅದು ಸಿಗುವ ಸಾಧ್ಯತೆ ಸುಮಾರು 10%. ಯಾವುದೇ ಆಯ್ಕೆ ಮಾಡದೆ 30 ಗಿಡ ತೆಗೆದುಕೊಂಡರೆ ಸಾಧ್ಯತೆ ಸುಮಾರು 95%ಕ್ಕೆ ಏರುತ್ತದೆ. ಪ್ರತಿ ಗಿಡದ ಕ್ರಾಸ್‌ನಿಂದಲೂ ಹಲವು ಕಾಳು ಮುಂದಕ್ಕೆ ಬಿತ್ತಿ, ಇಲ್ಲದಿದ್ದರೆ ಆ ಎರಡು ಪ್ರತಿಗಳಲ್ಲಿ ಒಂದು ಅಲ್ಲೇ ಕಳೆದುಹೋಗಬಹುದು.

ಇನ್ನೊಂದು ಮಾತು. ನಾಟಿ ಗಿಡವನ್ನು ಯಾವಾಗಲೂ ಗಂಡಾಗಿ ಮಾತ್ರ ಬಳಸಬೇಡಿ. ಸೈಟೋಪ್ಲಾಸಂ (ಜೀವಕೋಶದಲ್ಲಿ ನ್ಯೂಕ್ಲಿಯಸ್‌ನ ಹೊರಗಿನ ಭಾಗ, ಅದರಲ್ಲೂ ಸ್ವಲ್ಪ ಜೀನ್ ಇರುತ್ತವೆ) ಬರುವುದು ತಾಯಿ ಗಿಡದಿಂದ.

ಬೇರುಮಣ್ಣು:
ಆ ಕೊನೆಯ ಮಾತನ್ನು ಸುಮ್ನೆ ಬಿಡಬೇಡಿ, ಅದರ ಹಿಂದೆ 1970ರ ದೊಡ್ಡ ನಷ್ಟ ಇದೆ. ಅಮೆರಿಕದಲ್ಲಿ ಸೂಲಂಗಿ ಕೀಳುವ ಕೂಲಿ ಉಳಿಯುತ್ತದೆ ಅಂತ ಬೀಜ ಕಂಪನಿಗಳು ಟೆಕ್ಸಾಸ್ ಸೈಟೋಪ್ಲಾಸಂ ಇರುವ ಗಂಡು ಬಂಜೆ (ಪರಾಗ ಕೊಡದ) ಲೈನ್‌ಗಳನ್ನೇ ಹಿಡಿದವು. ಬೆಳೆಯ ಸುಮಾರು 85% ಆ ಒಂದೇ ಸೈಟೋಪ್ಲಾಸಂ ಮೇಲೆ ನಿಂತಿತ್ತು. ಅದನ್ನೇ ಹುಡುಕಿ ಹೊಡೆಯುವ ಎಲೆ ಅಂಗಮಾರಿ ಶಿಲೀಂಧ್ರ ಬಂತು. ಆ ವರ್ಷ ದೇಶದ ಬೆಳೆಯಲ್ಲಿ ಸುಮಾರು 15% ಹೋಯಿತು. ಹೈಬ್ರಿಡ್‌ಗಳ ಹೆಸರು ಬೇರೆ ಬೇರೆ ಇದ್ದವು, ತಾಯಿ ಕಡೆಯಿಂದ ಬಂದದ್ದು ಮಾತ್ರ ಒಂದೇ.

ಬೀಜ ಬ್ಯಾಂಕ್ ಬೇಕೇ ಬೇಕು. ಮೆಕ್ಸಿಕೋದ ಸಿಮ್ಮಿಟ್ ಅನ್ನುವ ಮೆಕ್ಕೆಜೋಳ, ಗೋಧಿ ಸಂಶೋಧನಾ ಸಂಸ್ಥೆಯಲ್ಲಿ ಸುಮಾರು 28,000 ಮೆಕ್ಕೆಜೋಳದ ಮಾದರಿಗಳಿವೆ. ಆದರೆ ಮೈನಸ್ 18 ಡಿಗ್ರಿಯಲ್ಲಿ ಇಟ್ಟರೂ ಬೀಜಕ್ಕೆ ವಯಸ್ಸಾಗುತ್ತದೆ, ಮತ್ತೆ ಬಿತ್ತಿ ಹೊಸ ಬೀಜ ಮಾಡಲೇಬೇಕು. ಅಲ್ಲೇ ಅಪಾಯ. ನಾಲ್ಕೈದು ತೆನೆಯಿಂದ ಹೊಸ ಬೀಜ ಮಾಡಿದರೆ ಚೀಲದ ಮೇಲೆ ಹಳೆಯ ಹೆಸರೇ ಇರುತ್ತದೆ, ಒಳಗಿನ ಅಪರೂಪದ ಜೀನ್ ರೂಪಗಳು ಬಹಳಷ್ಟು ಹೋಗಿರಬಹುದು, ಮೇಲಾಗಿ ಒಳಸಂಕರದಿಂದ (ಹತ್ತಿರದ ಸಂಬಂಧದ ಗಿಡಗಳೇ ಸೇರುವುದರಿಂದ) ಗಿಡಗಳು ಬಡವಾಗುತ್ತವೆ. ಅದಕ್ಕೇ 100 ತೆನೆಯಾದರೂ ಸಿಗಬೇಕು, ಚೀಲ ಕಟ್ಟಿ ಕೈಯಿಂದಲೇ ಪರಾಗ ಹಾಕಬೇಕು, ಪ್ರತಿ ತೆನೆಯಿಂದ ಅಷ್ಟಷ್ಟೇ ಕಾಳು ತೆಗೆದು ಬೆರೆಸಬೇಕು ಅನ್ನುವುದು.

ಜೊತೆಗೆ ಬ್ಯಾಂಕ್‌ನ ಬೀಜ ಹೊಸ ರೋಗ, ಹೊಸ ಹವಾಮಾನ ಕಾಣುವುದಿಲ್ಲ. ಹೊಲದಲ್ಲಿರುವ ಬೀಜ ಪ್ರತಿ ವರ್ಷ ಕಾಣುತ್ತದೆ. ಮೆಕ್ಸಿಕೋದ ಒಹಾಕಾ ರಾಜ್ಯದ ಸಿಯೆರಾ ಮಿಹೆ ಬೆಟ್ಟಗಳ ಮೆಕ್ಕೆಜೋಳವನ್ನೇ ನೋಡಿ. ಅದರ ಕಾಂಡದ ಮೇಲಿನ ಬೇರುಗಳಿಂದ ಲೋಳೆ ಸುರಿಯುತ್ತದೆ, ಆ ಲೋಳೆಯಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇವೆ. ಗಿಡಕ್ಕೆ ಬೇಕಾದ ಸಾರಜನಕದಲ್ಲಿ 29ರಿಂದ 82% ಗಾಳಿಯಿಂದಲೇ ಬರುತ್ತದೆ ಅಂತ 2018ರಲ್ಲಿ ಪ್ರಕಟವಾಯಿತು. ಬಡ ಮಣ್ಣಿನಲ್ಲಿ ಅದನ್ನು ಬಿಡದೆ ಬೆಳೆದುಕೊಂಡು ಬಂದವರು ಅಲ್ಲಿನ ರೈತರು. ಈ ಗುಣ ಬ್ರೀಡಿಂಗ್‌ಗೆ ಹೋಗುವಾಗ ಲಾಭದಲ್ಲಿ ಅವರಿಗೆ ಪಾಲು ಸಿಗಲೇಬೇಕು.

ತೆನೆಬೀಜ:
ತುಂಬಾ ಥ್ಯಾಂಕ್ಸ್, 30 ಗಿಡಕ್ಕೇ ಹೋಗುತ್ತೇನೆ. ಕ್ರಾಸ್ ಆದಮೇಲೆ ಎಷ್ಟು ಸಲ ಬ್ಯಾಕ್‌ಕ್ರಾಸ್ (ಮತ್ತೆ ಇನ್‌ಬ್ರೆಡ್ ಲೈನ್ ಜೊತೆಗೇ ಕ್ರಾಸ್) ಮಾಡಲಿ?

ಹಸಿರುಗರಿ:
ಜಾಸ್ತಿ ಬೇಡ. ಮೊದಲ ಕ್ರಾಸ್‌ನಲ್ಲಿ ನಾಟಿ ಪಾಲು 50%, ಒಂದು ಬ್ಯಾಕ್‌ಕ್ರಾಸ್‌ಗೆ ಸರಾಸರಿ 25%, ಎರಡಕ್ಕೆ 12.5%. ಬರ ತಡೆಯುವುದು ಒಂದೇ ಜೀನ್‌ನ ಕೆಲಸ ಅಲ್ಲ, ಸಣ್ಣ ಸಣ್ಣ ಪ್ರಭಾವದ ಎಷ್ಟೋ ಜೀನ್ ಸೇರಿ ಆಗುವುದು. ನಾನಾದರೆ ಒಂದಕ್ಕೆ ನಿಲ್ಲಿಸಿ ಆಯ್ಕೆ ಶುರು ಮಾಡುತ್ತೇನೆ. ಮತ್ತೆ, ನಾಟಿ ತಳಿ ಉಷ್ಣವಲಯದ್ದಾಗಿದ್ದರೆ ಹಗಲು ಉದ್ದ ಇರುವಾಗ ಹೂ ತುಂಬಾ ತಡವಾಗುತ್ತದೆ. ಹಗಲು ಚಿಕ್ಕದಿರುವ ಕಾಲ ನೋಡಿ ಬಿತ್ತಿ, ಇನ್‌ಬ್ರೆಡ್ ಲೈನನ್ನು ಒಂದೊಂದು ವಾರ ಬಿಟ್ಟು ಮೂರು ಸಲ ಹಾಕಿ. ಆಗ ತಡವಾಗಿ ಹೂ ಬಿಡುವ ನಾಟಿ ಗಿಡಗಳೂ ಕ್ರಾಸ್‌ನಿಂದ ಹೊರಗೆ ಉಳಿಯುವುದಿಲ್ಲ.